ಮೋಟಾರ್ ಪ್ಲೇಟ್ ಸ್ಕೆಚ್‌ನಲ್ಲಿ ‘ರಿಡಂಡೆಂಟ್’ ಎರರ್: ಯಾವ ಕನ್‌ಸ್ಟ್ರೈಂಟ್ ಅಳಿಸಲಿ?

ಹೊಸ_ಡ್ರಾಫ್ಟ್ಸ್‌ಮನ್

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಫ್ಯಾಬ್ರಿಕೇಶನ್ ಯೂನಿಟ್‌ನಲ್ಲಿ ನನ್ನ ಕೆಲಸ. 11 ವರ್ಷ 2ಡಿಯಲ್ಲೇ ಡ್ರಾಯಿಂಗ್ ಮಾಡಿದವನು. ಎರಡು ತಿಂಗಳಿಂದ ಫ್ರೀಕ್ಯಾಡ್ 1.0 ಅನ್ನುವ 3ಡಿ ಡಿಸೈನ್ ಸಾಫ್ಟ್‌ವೇರ್ ಕಲಿಯುತ್ತಿದ್ದೇನೆ.

ಈಗ ಕೈಯಲ್ಲಿರುವುದು ಒಂದು ಮೋಟಾರ್ ಬೇಸ್ ಪ್ಲೇಟ್. 240 ಉದ್ದ, 180 ಅಗಲ, 10 ಎಂಎಂ ದಪ್ಪ. ಬೆಲ್ಟ್ ಬಿಗಿ ಮಾಡಬೇಕಾದರೆ ಮೋಟಾರನ್ನು ಹಿಂದೆ ಮುಂದೆ ಸರಿಸಬೇಕು, ಅದಕ್ಕೆ ನಾಲ್ಕು ಸ್ಲಾಟ್, ಅಂದರೆ ಉದ್ದನೆಯ ರಂಧ್ರ. ಸ್ಲಾಟ್ ಅಗಲ 12, ಸೆಂಟರಿಂದ ಸೆಂಟರಿಗೆ 40.

ರೆಕ್ಟಾಂಗಲ್ ಟೂಲ್‌ನಿಂದ ಹೊರಗಿನ ಚೌಕ ಹಾಕಿದೆ. ಪ್ಲೇಟ್ ನಡುಮಧ್ಯ ಕೂರಬೇಕು ಅಂತ ಮೇಲಿನ ಗೆರೆಯ ಎರಡು ತುದಿಗಳನ್ನು ವೈ ಅಕ್ಷಕ್ಕೆ ಸಿಮೆಟ್ರಿಕ್ ಮಾಡಿದೆ. ತಕ್ಷಣ ರಿಡಂಡೆಂಟ್ (ಒಂದು ಜಾಸ್ತಿ ಆಗಿದೆ) ಅಂತ ಬಂತು, ಪಕ್ಕದಲ್ಲಿ 9 ಅನ್ನುವ ನಂಬರ್. ನಾನು 9ನೇ ಕನ್‌ಸ್ಟ್ರೈಂಟ್ (ಗೆರೆಗಳಿಗೆ ಹಾಕುವ ಕಟ್ಟುಪಾಡು), ಅಂದರೆ ಆ ಸಿಮೆಟ್ರಿಕ್ ಅನ್ನೇ ಅಳಿಸಿದೆ. ಎರರ್ ಹೋಯಿತು. ಸರಿ ಅಂದುಕೊಂಡು ಎಡ ಅಂಚನ್ನು ಅಕ್ಷದಿಂದ 120ಕ್ಕೆ ಅಳತೆ ಕೊಟ್ಟು ಮುಂದೆ ಹೋದೆ.

ಮರುದಿನ ಪಾರ್ಟಿ ಉದ್ದ 300 ಬೇಕು ಅಂದರು. 240 ಇದ್ದಲ್ಲಿ 300 ಹಾಕಿದೆ. ಪ್ಲೇಟ್ ಬಲಗಡೆಗೆ ಮಾತ್ರ ಬೆಳೆಯಿತು. ಸ್ಲಾಟ್‌ಗಳೆಲ್ಲ ಎಡಕ್ಕೆ ಉಳಿದವು. ಅದನ್ನು ಸರಿ ಮಾಡೋಕೆ ಹೋಗಿ ಇನ್ನೂ ಮೂರು ಎರರ್ ಬಂತು. ಸ್ಲಾಟ್ ಗೆರೆಗಳೂ ಬಣ್ಣ ಬದಲಾದವು. ರಾತ್ರಿ 10ರವರೆಗೆ ಒಂದೊಂದೇ ಅಳಿಸಿ ನೋಡಿದೆ. ಯಾವುದನ್ನು ಅಳಿಸಬೇಕು ಅಂತ ಗೊತ್ತಾಗೋದು ಹೇಗೆ? ಸ್ಕ್ರೀನ್‌ಶಾಟ್ ಹಾಕಿದ್ದೇನೆ.

ಗೆರೆ_ಕೋನ

ಸ್ಕ್ರೀನ್‌ಶಾಟ್ ನೋಡಿದೆ ಸರ್. ನಾನು ಪಾಲಿಟೆಕ್ನಿಕ್‌ನಲ್ಲಿ ಕ್ಯಾಡ್ ಲ್ಯಾಬ್ ತೆಗೆದುಕೊಳ್ಳುತ್ತೇನೆ. ಪ್ರತಿ ಬ್ಯಾಚ್‌ನಲ್ಲೂ ಮೊದಲು ಬರುವ ಎರರ್ ಇದೇ. ಒಂದು ಕಾಗದ ಪೆನ್ನು ತೆಗೆದುಕೊಳ್ಳಿ, ಲೆಕ್ಕ ಹಾಕೋಣ.

ಒಂದು ಗೆರೆಗೆ ಎರಡು ತುದಿ. ಒಂದೊಂದು ತುದಿಯೂ ಅಡ್ಡ, ಉದ್ದ ಎರಡು ಕಡೆಗೂ ಅಲುಗಾಡಬಹುದು. ಅಂದರೆ ಒಂದು ಗೆರೆಗೆ 4 ಸ್ವಾತಂತ್ರ್ಯ. ಡಿಗ್ರೀಸ್ ಆಫ್ ಫ್ರೀಡಂ ಅಂತಾರಲ್ಲ, ಅದು. ನಾಲ್ಕು ಗೆರೆಗೆ 16. ನಾಲ್ಕು ಮೂಲೆ ಸೇರಿಸಿದಾಗ ಒಂದೊಂದು ಮೂಲೆಗೂ 2 ಹೋಗುತ್ತದೆ, ಒಟ್ಟು 8. ಉಳಿದದ್ದು 8. ರೆಕ್ಟಾಂಗಲ್ ಟೂಲ್ ತಾನೇ ಹಾಕುವ ಎರಡು ಹಾರಿಜಾಂಟಲ್, ಎರಡು ವರ್ಟಿಕಲ್ ಸೇರಿ ಇನ್ನು 4 ಹೋಯಿತು. ಉಳಿದದ್ದು 4. ಅವು ಯಾವುವು? ಉದ್ದ, ಅಗಲ, ಎಡ-ಬಲ ಜಾಗ, ಮೇಲೆ-ಕೆಳಗೆ ಜಾಗ. ಸರಿ ಅಲ್ವಾ?

ಈಗ ನೀವು ಹಾಕಿದ ಸಿಮೆಟ್ರಿಕ್. ಅದು ನೋಡೋಕೆ ಒಂದೇ ಐಕಾನ್, ಆದರೆ ಒಳಗೆ ಎರಡು ಮಾತು ಇದೆ. ಒಂದು, ಎರಡೂ ತುದಿಗಳು ಅಕ್ಷದಿಂದ ಒಂದೇ ದೂರ. ಇನ್ನೊಂದು, ಆ ತುದಿಗಳನ್ನು ಸೇರಿಸುವ ಗೆರೆ ಅಕ್ಷಕ್ಕೆ ನೇರ ಲಂಬ. ವೈ ಅಕ್ಷಕ್ಕೆ ಲಂಬ ಅಂದರೆ ಏನು? ಹಾರಿಜಾಂಟಲ್! ಆ ಮಾತನ್ನು ರೆಕ್ಟಾಂಗಲ್ ಟೂಲ್ ಆಗಲೇ ಹೇಳಿಬಿಟ್ಟಿದೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತಾರಲ್ಲ, ಹಾಗೆ. ಹೇಳಿದ್ದನ್ನೇ ಎರಡನೇ ಸಲ ಹೇಳಿದಾಗ ಸಾಲ್ವರ್ (ಕನ್‌ಸ್ಟ್ರೈಂಟ್‌ಗಳ ಲೆಕ್ಕ ಬಿಡಿಸುವ ಭಾಗ) ರಿಡಂಡೆಂಟ್ ಅನ್ನುತ್ತದೆ.

ನೀವು ಅಳಿಸಬೇಕಾಗಿದ್ದು ಸಿಮೆಟ್ರಿಕ್ ಅಲ್ಲ, ಮೇಲಿನ ಗೆರೆಯ ಹಾರಿಜಾಂಟಲ್. ಪ್ಲೇಟ್ ನಡುವೆ ಕೂರಬೇಕು ಅನ್ನೋದು ನಿಮ್ಮ ಉದ್ದೇಶ. ಅದನ್ನು ಹೇಳುತ್ತಿದ್ದ ಒಂದೇ ಒಂದು ಕನ್‌ಸ್ಟ್ರೈಂಟ್ ಆ 9ನೆಯದು. ಅದನ್ನೇ ತೆಗೆದಿರಿ. ಅದಕ್ಕೇ ಪ್ಲೇಟ್ ಒಂದೇ ಕಡೆಗೆ ಬೆಳೆಯಿತು.

ಫಾಸ್ಟ್_ಮಾಡೆಲ್

ಇಷ್ಟೆಲ್ಲ ಲೆಕ್ಕ ಯಾಕೆ? ಸಾಲ್ವರ್ ಪ್ಯಾನಲ್‌ನ ಸೆಟ್ಟಿಂಗ್‌ನಲ್ಲಿ ‘ಆಟೋ ರಿಮೂವ್ ರಿಡಂಡೆಂಟ್ಸ್’ ಅಂತ ಇದೆ. ಟಿಕ್ ಮಾಡಿದರೆ ಆಯ್ತು, ಜಾಸ್ತಿ ಇದ್ದದ್ದನ್ನು ತಾನೇ ತೆಗೆಯುತ್ತದೆ. ಅದೂ ಆಗದಿದ್ದರೆ ಗೆರೆಗಳಿಗೆ ಬ್ಲಾಕ್ ಕನ್‌ಸ್ಟ್ರೈಂಟ್ ಹಾಕಿ. ಅಲುಗಾಡಲ್ಲ. ನಾನು ದಿನಾ ಹಾಗೇ ಮಾಡುತ್ತೇನೆ.

ಗೆರೆ_ಕೋನ

ಆಟೋ ರಿಮೂವ್ ಇಟ್ಟುಕೊಳ್ಳುವುದು ತಪ್ಪು ಅನ್ನಲ್ಲ, ಕೈ ಪಳಗಿದವರಿಗೆ ಅನುಕೂಲ. ಆದರೆ ಯಾವುದನ್ನು ತೆಗೆಯಿತು ಅಂತ ಕಣ್ಣಿಟ್ಟು ನೋಡದಿದ್ದರೆ ಈ ಸರ್‌ಗೆ ಆದದ್ದೇ ಆಗುತ್ತದೆ. ಪ್ಲೇಟ್ ನಡುವೆ ಇರಬೇಕು ಅನ್ನೋದು ಸಾಫ್ಟ್‌ವೇರ್‌ಗೆ ಗೊತ್ತಿಲ್ಲವಲ್ಲ. ಕಲಿಯುವಾಗ ಅದನ್ನು ಆಫ್ ಇಡಿ ಅಂತಲೇ ಮಕ್ಕಳಿಗೆ ಹೇಳುತ್ತೇನೆ.

ಬ್ಲಾಕ್ ವಿಷಯದಲ್ಲಿ ಮಾತ್ರ ನಾನು ಒಪ್ಪಲ್ಲ. ಬ್ಲಾಕ್ ಹಾಕಿದರೆ ಗೆರೆ ಇದ್ದಲ್ಲೇ ಮೊಳೆ ಹೊಡೆದ ಹಾಗೆ. ನಾಳೆ 240 ಹೋಗಿ 300 ಆದರೆ ಆ ಗೆರೆ ಕದಲುವುದೇ ಇಲ್ಲ. ಪ್ಯಾರಾಮೆಟ್ರಿಕ್ ಆಗಿ ಮಾಡೋದೇ ಅಳತೆ ಬದಲಾದಾಗ ಉಳಿದದ್ದು ತಾನಾಗಿ ಬದಲಾಗಲಿ ಅಂತ.

ವೆಲ್ಡಿಂಗ್_ಶೆಡ್_ಹುಬ್ಬಳ್ಳಿ

ಮೇಡಂ ಹೇಳಿದ್ದು ಖರೇ ಐತಿ. ನಾನು ಗೇಟ್, ಫ್ರೇಮ್, ಟ್ರಸ್ ಮಾಡುವವನು. ನನಗೆ ತಿಳಿದ ರೀತಿಯಲ್ಲಿ ಹೇಳುತ್ತೇನೆ.

ನಾಲ್ಕು ಪಟ್ಟಿ ತಗೊಂಡು ಮೂಲೆಗೆ ಒಂದೊಂದೇ ಬೋಲ್ಟ್ ಹಾಕಿ ಚೌಕ ಮಾಡ್ರಿ. ಕೈಯಲ್ಲಿ ಹಿಡಿದು ತಳ್ಳಿದರೆ ವಾಲುತ್ತದೆ. ಇದು ಕನ್‌ಸ್ಟ್ರೈಂಟ್ ಕಡಿಮೆ ಇರುವ ಸ್ಕೆಚ್. ಈಗ ಮೂಲೆಯಿಂದ ಮೂಲೆಗೆ ಒಂದು ಅಡ್ಡಪಟ್ಟಿ ಹಾಕ್ರಿ. ಗಟ್ಟಿ ಆಯಿತು, ಅಲುಗಾಡಲ್ಲ. ಇದು ಸರಿಯಾದ ಸ್ಕೆಚ್.

ಈಗ ಎರಡನೇ ಅಡ್ಡಪಟ್ಟಿ ಹಾಕ್ತೀನಿ ಅಂತ ಹೊರಟರೆ? ಮೊದಲನೆಯದು ಹಾಕಿದಾಗಲೇ ಎರಡನೆಯದರ ಉದ್ದ ಎಷ್ಟು ಅಂತ ನಿರ್ಧಾರ ಆಗಿಹೋಗಿದೆ. ಅಷ್ಟೇ ಉದ್ದದ ಪಟ್ಟಿ ಕತ್ತರಿಸಿದ್ದರೆ ರಂಧ್ರಕ್ಕೆ ರಂಧ್ರ ಕೂಡುತ್ತದೆ. ಆ ಪಟ್ಟಿ ಹೊಸದೇನೂ ಹೇಳುತ್ತಿಲ್ಲ. ಇದು ರಿಡಂಡೆಂಟ್. 2 ಎಂಎಂ ಜಾಸ್ತಿ ಕತ್ತರಿಸಿದ್ದರೆ ಬೋಲ್ಟ್ ಕೂಡೋದೇ ಇಲ್ಲ. ಸುತ್ತಿಗೆಯಲ್ಲಿ ಹೊಡೆದು ಕೂಡಿಸಿದರೆ ಫ್ರೇಮ್ ಸೊಟ್ಟ ಆಗುತ್ತದೆ. ಇದು ಕಾನ್‌ಫ್ಲಿಕ್ಟ್. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂದ ಹಾಗೆ. ಕಂಪ್ಯೂಟರ್ ಸುತ್ತಿಗೆ ತಗೊಳ್ಳಲ್ಲ, ಎರರ್ ಕೊಟ್ಟು ನಿಲ್ಲುತ್ತದೆ. ಅದು ಒಳ್ಳೆಯದೇ.

ಹೊಸ_ಡ್ರಾಫ್ಟ್ಸ್‌ಮನ್

ಅಣ್ಣ, ಅಡ್ಡಪಟ್ಟಿ ಉದಾಹರಣೆ ಓದಿದ ಮೇಲೆ ತಲೆಗೆ ಹೋಯಿತು. ಮೇಡಂ, ನೀವು ಹೇಳಿದ ಹಾಗೆ ಮೇಲಿನ ಗೆರೆಯ ಹಾರಿಜಾಂಟಲ್ ತೆಗೆದು ಸಿಮೆಟ್ರಿಕ್ ಇಟ್ಟೆ. ಉದ್ದ 300 ಕೊಟ್ಟರೆ ಎರಡೂ ಕಡೆ 30-30 ಬೆಳೆಯಿತು.

ಒಂದು ಅನುಮಾನ ಉಳಿದಿದೆ. ತಪ್ಪು 9ರಲ್ಲಿ ಇಲ್ಲದಿದ್ದರೆ ಸಾಲ್ವರ್ 9 ಅಂತ ಯಾಕೆ ತೋರಿಸಿತು?

ಸಾಲ್ವರ್_ಓದುಗ

ಇದಕ್ಕೆ ನಾನು ಉತ್ತರಿಸುತ್ತೇನೆ. ವೃತ್ತಿಯಿಂದ ಪ್ರೋಗ್ರಾಮರ್, ಫ್ರೀಕ್ಯಾಡ್ ಕೋಡ್ ಓದೋದು ನನ್ನ ಹವ್ಯಾಸ. ಅದರ ಸ್ಕೆಚ್ ಸಾಲ್ವರ್ ಹೆಸರು ಪ್ಲೇನ್‌ಜಿಸಿಎಸ್.

ಸಾಲ್ವರ್‌ಗೆ ಹಾರಿಜಾಂಟಲ್, ಟ್ಯಾಂಜೆಂಟ್ ಅಂತ ಏನೂ ಕಾಣಲ್ಲ. ಪ್ರತಿ ಕನ್‌ಸ್ಟ್ರೈಂಟ್ ಅದಕ್ಕೆ ಒಂದೋ ಎರಡೋ ಸಮೀಕರಣ. ಎಲ್ಲವನ್ನೂ ಸಾಲಾಗಿ ಬರೆದುಕೊಂಡು, ಯಾವ ಸಾಲು ಬೇರೆ ಸಾಲುಗಳಿಂದಲೇ ಹುಟ್ಟುತ್ತದೆ ಅಂತ ಹುಡುಕುತ್ತದೆ. ಅಂಥ ಸಾಲು ಸಿಕ್ಕರೆ ಅದನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಬಿಡಿಸುತ್ತದೆ. ಪಕ್ಕಕ್ಕಿಟ್ಟದ್ದೂ ತಾನಾಗೇ ಸರಿಹೋದರೆ ರಿಡಂಡೆಂಟ್. ಸರಿಹೋಗದಿದ್ದರೆ ಕಾನ್‌ಫ್ಲಿಕ್ಟ್. ಹುಬ್ಬಳ್ಳಿ ಅಣ್ಣ ಹೇಳಿದ ಎರಡನೇ ಪಟ್ಟಿಯ ಪರೀಕ್ಷೆಯೇ ಇದು.

ಈಗ ನಿಮ್ಮ ಪ್ರಶ್ನೆ. ಎ ಮತ್ತು ಬಿ ಸಮ. ಬಿ ಮತ್ತು ಸಿ ಸಮ. ಎ ಮತ್ತು ಸಿ ಸಮ. ಮೂರರಲ್ಲಿ ಯಾವುದು ಜಾಸ್ತಿ? ಯಾವುದನ್ನು ತೆಗೆದರೂ ಉಳಿದ ಎರಡು ಸಾಕು. ಗಣಿತದ ಕಣ್ಣಿಗೆ ಮೂರೂ ಒಂದೇ. ಸಾಲ್ವರ್ ಒಂದನ್ನು ಹೆಸರಿಸಲೇಬೇಕು, ಹೆಸರಿಸುತ್ತದೆ. ಹಾಗಾಗಿ ಅದು ತೋರಿಸುವ ನಂಬರನ್ನು ‘ಗಲಾಟೆ ಈ ಗುಂಪಿನಲ್ಲಿದೆ’ ಅಂತ ಓದಿ. ‘ಇವನೇ ಕಳ್ಳ’ ಅಂತ ಓದಬೇಡಿ.

ಎರಡು ಅಭ್ಯಾಸ ಹೇಳುತ್ತೇನೆ. ಸಾಲ್ವರ್ ಸಂದೇಶದಲ್ಲಿರುವ ನಂಬರಿನ ಮೇಲೆ ಕ್ಲಿಕ್ ಮಾಡಿದರೆ ಆ ಕನ್‌ಸ್ಟ್ರೈಂಟ್ ಸ್ಕೆಚ್‌ನಲ್ಲಿ ಆಯ್ಕೆಯಾಗುತ್ತದೆ. ಅದು ಮುಟ್ಟುವ ಗೆರೆಗಳ ಮೇಲೆ ಇನ್ನೇನೇನಿದೆ ನೋಡಿ. ಆಮೇಲೆ, ಅಳಿಸುವ ಮೊದಲು ಡಿಆಕ್ಟಿವೇಟ್ ಮಾಡಿ ನೋಡಿ. ಕನ್‌ಸ್ಟ್ರೈಂಟ್ ಪಟ್ಟಿಯಲ್ಲೇ ಇರುತ್ತದೆ, ಕೆಲಸ ಮಾಡಲ್ಲ. ಅನುಮಾನ ಇದ್ದ ಒಂದೊಂದನ್ನೇ ಹೀಗೆ ಮಲಗಿಸಿ, ಎಬ್ಬಿಸಿ ನೋಡಬಹುದು. ರಾತ್ರಿ 10ರವರೆಗೆ ಕೂರುವುದು ತಪ್ಪುತ್ತದೆ.

ಟೂಲ್‌ರೂಮ್_ಹಳಬ

ಹಳೇ ಡ್ರಾಯಿಂಗ್ ಬೋರ್ಡ್ ಕಾಲದಿಂದ ಬಂದವನು ನಾನು. ಈಗ ಸಾಲಿಡ್‌ವರ್ಕ್ಸ್ ಅನ್ನುವ ಇನ್ನೊಂದು ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಜಿಗ್, ಫಿಕ್ಸ್ಚರ್ ಮಾಡುತ್ತೇನೆ. 2ಡಿಯಿಂದ ಬಂದವರೆಲ್ಲ ಮೊದಲ ದಿನಗಳಲ್ಲಿ ಎಡವುವ ಜಾಗ ಒಂದಿದೆ, ಅದನ್ನು ಹೇಳುತ್ತೇನೆ.

2ಡಿಯಲ್ಲಿ ನಾವು ಗೆರೆ ಎಳೆದು ಆಮೇಲೆ ಅಳತೆ ಬರೆಯುತ್ತೇವೆ. ಅಲ್ಲಿ ಅಳತೆ ಅಂದರೆ ಓದುವವನಿಗೆ ಒಂದು ಮಾಹಿತಿ. ಎಷ್ಟು ಬರೆದರೂ ಗೆರೆ ಅಲುಗಾಡಲ್ಲ. ಇಲ್ಲಿ ಅಳತೆ ಒಂದು ಆಜ್ಞೆ. 240 ಅಂತ ಬರೆದರೆ ಗೆರೆ 240 ಆಗಲೇಬೇಕು.

ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ಕೆಳಗಿನ ಸಾಲು ನೋಡಿ. ಎಡ ಅಂಚಿನಿಂದ ಮೊದಲ ಸ್ಲಾಟ್‌ಗೆ 40, ಅಲ್ಲಿಂದ ಮುಂದಿನದಕ್ಕೆ 160, ಅಲ್ಲಿಂದ ಬಲ ಅಂಚಿಗೆ 40. ಮೇಲೆ ಮತ್ತೆ ಒಟ್ಟು 240. ನಾಲ್ಕೂ ಆಜ್ಞೆಯಾಗಿ ಕೂತಿವೆ. ಮೂರು ಗೊತ್ತಾದರೆ ನಾಲ್ಕನೆಯದು ತಾನೇ ಗೊತ್ತಾಗುತ್ತದೆ. 240 ಅನ್ನು 300 ಮಾಡಿದ ತಕ್ಷಣ 40, 160, 40 ಕೂಡಿದರೆ 240 ಅಂತ ಇನ್ನೊಂದು ಕಡೆಯಿಂದ ಎಳೆದಾಟ ಶುರು. ನಿಮಗೆ ಆಮೇಲೆ ಬಂದ ಎರರ್‌ಗಳಲ್ಲಿ ಒಂದು ಇದೇ.

ಕೈಯಲ್ಲಿ ಡ್ರಾಯಿಂಗ್ ಮಾಡುವಾಗಲೂ ನಮ್ಮ ಗುರುಗಳು ಈ ಸರಪಳಿ ಮುಚ್ಚೋದಕ್ಕೆ ಬಿಡುತ್ತಿರಲಿಲ್ಲ. ಒಂದು ಅಳತೆ ಬಿಡಬೇಕು, ಇಲ್ಲವೇ ಅದನ್ನು ಆವರಣದೊಳಗೆ ಬರೆಯಬೇಕು. ಆವರಣದಲ್ಲಿದ್ದರೆ ಅದು ಬರೀ ಮಾಹಿತಿ, ಅದರ ಪ್ರಕಾರ ಕತ್ತರಿಸಬೇಡ ಅಂತ ಅರ್ಥ. ಆ ಶಿಸ್ತು ಇಲ್ಲೂ ಇದೆ. ಫ್ರೀಕ್ಯಾಡ್‌ನಲ್ಲಿ ರೆಫರೆನ್ಸ್ ಅಳತೆ, ಸಾಲಿಡ್‌ವರ್ಕ್ಸ್‌ನಲ್ಲಿ ಡ್ರಿವನ್. ಅಂಚಿನ ಒಂದು 40 ಅನ್ನು ರೆಫರೆನ್ಸ್ ಮಾಡಿ. ಸಂಖ್ಯೆ ಕಾಣುತ್ತಿರುತ್ತದೆ, ಆಜ್ಞೆ ಮಾಡಲ್ಲ.

ಯಾವ 40? ಮಷಿನ್ ಮೇಲೆ ಕೂರಿಸುವಾಗ ಯಾವ ಅಂಚಿಗೆ ತಾಗಿಸಿ ಅಳೆಯುತ್ತಾರೋ ಆ ಕಡೆಯದನ್ನು ಉಳಿಸಿ. ನಿಮ್ಮ ಪ್ಲೇಟ್ ನಡುವಿನಿಂದ ಅಳೆಯುವಂಥದ್ದಾದರೆ ಎರಡೂ 40 ಬೇಡವೇ ಬೇಡ. 160 ಅನ್ನು ಅಕ್ಷಕ್ಕೆ ಸಿಮೆಟ್ರಿಕ್ ಮಾಡಿ. ಶಾಪ್‌ನಲ್ಲಿ ಹೋಗಿ ಕೇಳಿ, ಏನು ಅಳೆಯುತ್ತಾರೆ ಅಂತ. ಯಾವುದನ್ನು ಅಳಿಸಬೇಕು ಅನ್ನುವ ಪ್ರಶ್ನೆಗೆ ಉತ್ತರ ಬಹಳ ಸಲ ಸಿಗುವುದು ಅಲ್ಲೇ, ಕಂಪ್ಯೂಟರ್ ಮುಂದೆ ಅಲ್ಲ.

ಫ್ಯೂಷನ್_ಬಳಕೆದಾರ

ನಾನು ಫ್ಯೂಷನ್ ಅನ್ನುವ ಕ್ಯಾಡ್ ಸಾಫ್ಟ್‌ವೇರ್ ಉಪಯೋಗಿಸುತ್ತೇನೆ. ಮೇಡಂ ಹೇಳಿದ ಸಿಮೆಟ್ರಿಕ್ ತೊಂದರೆ ನನಗೆ ಅಷ್ಟಾಗಿ ಬಂದಿಲ್ಲ. ಇದು ಫ್ರೀಕ್ಯಾಡ್‌ನ ದೋಷವೇ?

ಟೂಲ್‌ರೂಮ್_ಹಳಬ

ದೋಷ ಅಲ್ಲ, ಸ್ವಭಾವ. ಸಾಲಿಡ್‌ವರ್ಕ್ಸ್ ಕೂಡ ಹಾರಿಜಾಂಟಲ್ ಮೇಲೆ ಸಿಮೆಟ್ರಿಕ್ ಹಾಕಿದರೆ ಸಾಮಾನ್ಯವಾಗಿ ಸುಮ್ನೆ ಇರುತ್ತದೆ. ಒಂದಕ್ಕೊಂದು ಹೊಂದುವ ಮಾತಾದರೆ ಎರಡು ಸಲ ಕೇಳಿಸಿಕೊಂಡರೂ ತಕರಾರು ಇಲ್ಲ. ಅಳತೆ ಜಾಸ್ತಿ ಕೊಟ್ಟರೆ ಮಾತ್ರ ‘ಡ್ರಿವನ್ ಮಾಡಲಾ’ ಅಂತ ಕೇಳುತ್ತದೆ. ಫ್ರೀಕ್ಯಾಡ್ ಎರಡಕ್ಕೂ ತಕರಾರು ಮಾಡುತ್ತದೆ. ಕಲಿಯುವವರಿಗೆ ಫ್ರೀಕ್ಯಾಡ್ ರೀತಿ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಪ್ರತಿ ಐಕಾನ್ ಏನು ಹೇಳುತ್ತದೆ ಅಂತ ಯೋಚಿಸಲೇಬೇಕಾಗುತ್ತದೆ.

ಬಣ್ಣಗಳೂ ಬೇರೆ. ಸಾಲಿಡ್‌ವರ್ಕ್ಸ್, ಫ್ಯೂಷನ್‌ನಲ್ಲಿ ನೀಲಿ ಗೆರೆ ಇನ್ನೂ ಅಲುಗಾಡುತ್ತದೆ, ಕಪ್ಪು ಗೆರೆ ನಿಂತಿದೆ. ಫ್ರೀಕ್ಯಾಡ್‌ನಲ್ಲಿ ಎಲ್ಲ ನಿಂತರೆ ಹಸಿರು. ಒಂದರಿಂದ ಇನ್ನೊಂದಕ್ಕೆ ಹೋಗುವವರು ಇದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಿ.

ಈ ಕನ್‌ಸ್ಟ್ರೈಂಟ್ ಅನ್ನುವ ವಿಚಾರ ಇತ್ತೀಚಿನದೇನೂ ಅಲ್ಲ. 1963ರಲ್ಲೇ ಎಂಐಟಿಯಲ್ಲಿ ಐವಾನ್ ಸದರ್ಲೆಂಡ್ ಅವರು ಮಾಡಿದ ಸ್ಕೆಚ್‌ಪ್ಯಾಡ್‌ನಲ್ಲಿ ಲೈಟ್ ಪೆನ್‌ನಿಂದ ಗೆರೆ ಎಳೆದು, ಇವೆರಡು ಸಮಾನಾಂತರ ಇರಲಿ ಅಂತ ಹೇಳಬಹುದಿತ್ತು. ನಾವು ಇವತ್ತು ಒತ್ತುವ ಐಕಾನ್‌ಗಳ ಮೂಲ ಅಲ್ಲಿದೆ.

ಹೊಸ_ಡ್ರಾಫ್ಟ್ಸ್‌ಮನ್

ಸರ್, ಸರಪಳಿ ಅಳತೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಶಾಪ್‌ನಲ್ಲಿ ಕೇಳಿದೆ. ಮೋಟಾರ್ ಪಾದದ ರಂಧ್ರಗಳ ನಡುವಿನ 160 ಮುಖ್ಯ, ಅಂಚು ಹೇಗಿದ್ದರೂ ನಡೆಯುತ್ತದೆ ಅಂದರು. ಎರಡು 40 ತೆಗೆದೆ, 160 ಸಿಮೆಟ್ರಿಕ್ ಮಾಡಿದೆ.

ಈಗ ಸ್ಲಾಟ್ ವಿಷಯ. ಇದನ್ನು ಸ್ಲಾಟ್ ಟೂಲ್‌ನಲ್ಲಿ ಮಾಡಿಲ್ಲ, ಎರಡು ಗೆರೆ, ಎರಡು ಆರ್ಕ್ (ಕಮಾನು ಗೆರೆ) ಎಳೆದು ಮಾಡಿದೆ. ನಾಲ್ಕು ಸೇರುವ ಜಾಗದಲ್ಲೂ ತುದಿಗೆ ತುದಿ ಟ್ಯಾಂಜೆಂಟ್. ಎರಡೂ ಗೆರೆಗೆ ಹಾರಿಜಾಂಟಲ್. ಎರಡು ಆರ್ಕ್‌ಗೂ ಈಕ್ವಲ್. ಈಕ್ವಲ್ ಹಾಕಿದ ತಕ್ಷಣ ಎರರ್. ಎರಡು ಆರ್ಕ್ ಒಂದೇ ಅಳತೆ ಇರಬೇಕಲ್ವಾ? ಅದನ್ನು ಈಗಾಗಲೇ ಯಾರು ಹೇಳಿದರು ಇಲ್ಲಿ?

ಗೆರೆ_ಕೋನ

ಒಳ್ಳೆಯ ಪ್ರಶ್ನೆ. ಇದನ್ನು ನಿಧಾನವಾಗಿ ನೋಡೋಣ.

ಎರಡು ಗೆರೆಗೆ 8. ಒಂದು ಆರ್ಕ್‌ಗೆ 5: ಸೆಂಟರ್‌ಗೆ 2, ರೇಡಿಯಸ್‌ಗೆ 1, ಶುರುವಿನ ಕೋನ, ಮುಗಿಯುವ ಕೋನ. ಎರಡು ಆರ್ಕ್‌ಗೆ 10. ಒಟ್ಟು 18. ತುದಿಗೆ ತುದಿ ಟ್ಯಾಂಜೆಂಟ್ ಅಂದರೆ ತುದಿ ಸೇರೋದಕ್ಕೆ 2, ನುಣುಪಾಗಿ ಸೇರೋದಕ್ಕೆ 1, ಒಟ್ಟು 3. ನಾಲ್ಕು ಕಡೆ 12. ಉಳಿದದ್ದು 6.

ಈ 6 ಇರುವಾಗ ಮೌಸ್‌ನಿಂದ ಒಂದು ಆರ್ಕ್ ಹಿಡಿದು ಎಳೆದು ನೋಡಿ. ನಿಮ್ಮ ಸ್ಲಾಟ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಆಗುತ್ತದೆ. ದೊಡ್ಡ ಪುಲ್ಲಿ, ಸಣ್ಣ ಪುಲ್ಲಿಗೆ ಬೆಲ್ಟ್ ಹಾಕಿದ ಹಾಗೆ ಕಾಣುತ್ತದೆ. ಆ ಬೆಲ್ಟ್‌ನ ಮೇಲಿನ ಗೆರೆ, ಕೆಳಗಿನ ಗೆರೆ ಸಮಾನಾಂತರ ಇರಲ್ಲ. ಯಾವಾಗ ಸಮಾನಾಂತರ ಆಗುತ್ತವೆ? ಎರಡು ಪುಲ್ಲಿ ಒಂದೇ ಅಳತೆ ಇದ್ದಾಗ ಮಾತ್ರ.

ಈಗ ಎರಡೂ ಗೆರೆಗೆ ಹಾರಿಜಾಂಟಲ್ ಹಾಕಿದಿರಿ. ಎರಡೂ ಹಾರಿಜಾಂಟಲ್ ಅಂದರೆ ಸಮಾನಾಂತರ. ಅಲ್ಲಿಗೆ ಆರ್ಕ್‌ಗಳು ಸಮ ಆಗಿಯೇ ಹೋದವು. ನೀವೇ ಹೇಳಿದ್ದೀರಿ, ಬೇರೆ ಮಾತಿನಲ್ಲಿ. ಆಮೇಲೆ ಈಕ್ವಲ್ ಹಾಕಿದರೆ ಅದೇ ಮಾತು ಮತ್ತೆ.

ಈಗ ಯಾವುದು ತೆಗೆಯಬೇಕು? ಮೂರರಲ್ಲಿ ಯಾವುದಾದರೂ ಒಂದನ್ನು ತೆಗೆದರೆ ಎರರ್ ಹೋಗುತ್ತದೆ. ನಾನಾಗಿದ್ದರೆ ಒಂದು ಹಾರಿಜಾಂಟಲ್ ತೆಗೆಯುತ್ತೇನೆ, ಈಕ್ವಲ್ ಇಟ್ಟುಕೊಳ್ಳುತ್ತೇನೆ. ಎರಡು ತುದಿಯ ರೇಡಿಯಸ್ ಒಂದೇ ಅನ್ನುವುದು ಸ್ಲಾಟ್‌ನ ಗುಣ, ಎಲ್ಲಿಟ್ಟರೂ ಅದು ಹಾಗೇ ಇರಬೇಕು. ಹಾರಿಜಾಂಟಲ್ ಅನ್ನುವುದು ಅದನ್ನು ಇಟ್ಟ ರೀತಿ ಅಷ್ಟೆ. ಆಗ ಉಳಿಯುವುದು 4. ರೇಡಿಯಸ್ 6, ಗೆರೆ ಉದ್ದ 40, ಸೆಂಟರ್‌ನ ಎರಡು ಅಳತೆ. ಕೊಟ್ಟರೆ ಹಸಿರು.

ಇನ್ನೊಂದು ಮಾತು. ನಾಲ್ಕು ಸ್ಲಾಟ್‌ಗಳನ್ನೂ ಒಂದೇ ಸ್ಕೆಚ್‌ನಲ್ಲಿ ಯಾಕೆ ಹಾಕಿದ್ದೀರಿ? ಒಂದು ಸ್ಲಾಟ್‌ಗೆ ಬೇರೆ ಸ್ಕೆಚ್ ಮಾಡಿ ಪಾಕೆಟ್ (ಆ ಆಕಾರವನ್ನು ಪ್ಲೇಟ್‌ನಿಂದ ಕತ್ತರಿಸುವ ಟೂಲ್) ಕೊಡಿ. ಆ ಪಾಕೆಟನ್ನು ಎರಡು ಕಡೆ ಮಿರರ್ ಮಾಡಿ. ಸ್ಕೆಚ್ ಚಿಕ್ಕದಿದ್ದಷ್ಟೂ ತಪ್ಪು ಹುಡುಕೋದು ಸುಲಭ. ಸ್ಕೆಚ್ ಅನ್ನು ಪ್ಲೇಟಿನ ಅಂಚಿಗೆ ಕಟ್ಟಬೇಡಿ, ಮೂಲ ಅಕ್ಷಗಳಿಗೆ ಕಟ್ಟಿ. 1.0ರಲ್ಲಿ ಅಂಚುಗಳ ಹೆಸರು ತಪ್ಪಿಹೋಗುವ ಹಳೇ ಕಾಟ ತುಂಬಾ ಕಡಿಮೆ ಆಗಿದೆ, ಆದರೂ ಅಕ್ಷಕ್ಕೆ ಕಟ್ಟಿದ್ದು ಕದಲಲ್ಲ.

ಫೈನಲ್_ಇಯರ್_ಮೆಕ್

ಮಧ್ಯ ಬಂದಿದ್ದಕ್ಕೆ ಕ್ಷಮಿಸಿ. ಫ್ಲೇಂಜ್ ಮಾಡುತ್ತಿದ್ದೇನೆ. ಪಿಸಿಡಿ (ರಂಧ್ರಗಳ ಸೆಂಟರ್ ಕೂರುವ ವೃತ್ತದ ವ್ಯಾಸ) 120, 6 ರಂಧ್ರ. ಸೆಂಟರ್‌ನಿಂದ 6 ಗೆರೆ ಎಳೆದು ಒಂದೊಂದರ ನಡುವೆ 60 ಡಿಗ್ರಿ ಕೊಟ್ಟೆ. ಐದರವರೆಗೆ ಸರಿ, ಆರನೆಯದಕ್ಕೆ ಎರರ್. ಅದನ್ನು ತೆಗೆದರೆ ಡ್ರಾಯಿಂಗ್ ಅಪೂರ್ಣ ಅನಿಸುತ್ತದೆ.

ಸಾಲ್ವರ್_ಓದುಗ

ಅಪೂರ್ಣ ಅಲ್ಲ. ಸುತ್ತು 360. ಐದು ಸಲ 60 ಅಂದರೆ 300. ಉಳಿದದ್ದು 60 ಅಲ್ಲದೆ ಇನ್ನೇನು? ಆರನೆಯದಕ್ಕೆ 61 ಹಾಕಿದ್ದರೆ ರಿಡಂಡೆಂಟ್ ಹೋಗಿ ಕಾನ್‌ಫ್ಲಿಕ್ಟ್ ಬರುತ್ತಿತ್ತು. ಕಾಣಬೇಕು ಅನಿಸಿದರೆ ರೆಫರೆನ್ಸ್ ಕೊಡಿ.

ಟೂಲ್‌ರೂಮ್_ಹಳಬ

ಅದಕ್ಕಿಂತ ಒಂದೇ ರಂಧ್ರ ಮಾಡಿ, ಅದನ್ನು ಸುತ್ತಲೂ ನಕಲು ಮಾಡುವ ಪೋಲಾರ್ ಪ್ಯಾಟರ್ನ್‌ನಲ್ಲಿ 6 ಕೊಡಪ್ಪ. ನಾಳೆ 8 ರಂಧ್ರ ಬೇಕು ಅಂದರೆ ಒಂದು ಸಂಖ್ಯೆ ಬದಲಾಯಿಸಿದರೆ ಮುಗಿಯಿತು. ಆರು ಗೆರೆಯ ಸ್ಕೆಚ್ ಆದರೆ ಮತ್ತೆ ಮೊದಲಿಂದ.

ಹೊಸ_ಡ್ರಾಫ್ಟ್ಸ್‌ಮನ್

ಪ್ಲೇಟ್ ಈಗ ಪೂರ್ತಿ ಹಸಿರು. ಎಲ್ಲರಿಗೂ ತುಂಬಾ ಧನ್ಯವಾದ. ಆದರೆ ಇದರ ಜೊತೆಗಿರುವ, ಬೆಲ್ಟ್ ಬಿಗಿ ಮಾಡುವ ಟೆನ್ಶನರ್ ಆರ್ಮ್‌ನಲ್ಲಿ ಬೇರೆ ಥರದ ತೊಂದರೆ ಬಂತು. ಇದರಲ್ಲಿ ಯಾವ ರಿಡಂಡೆಂಟೂ ಇಲ್ಲ.

ಆರ್ಮ್‌ನಲ್ಲಿ ಎರಡು ರಂಧ್ರ, ನಡುವೆ 100, ಒಂದೇ ಮಟ್ಟದಲ್ಲಿ. ಮೂರನೇ ರಂಧ್ರ ಅವುಗಳ ಮೇಲ್ಗಡೆ, ಒಂದರಿಂದ 90, ಇನ್ನೊಂದರಿಂದ 70. ಹಸಿರೇ ಇತ್ತು. ನಡುವಿನ ಅಂತರ 100 ತೆಗೆದು 165 ಹಾಕಿ ನೋಡಿದೆ. ಎರರ್. ಸರಿ ಅಂತ 158 ಹಾಕಿದೆ, ತಗೊಂಡಿತು. ಮತ್ತೆ 100ಕ್ಕೆ ತಂದೆ. ಎಲ್ಲ ಅಳತೆ ಸರಿ, ಎಲ್ಲ ಹಸಿರು, ಆದರೆ ಮೂರನೇ ರಂಧ್ರ ಕೆಳಗಡೆ ಹೋಗಿ ಕೂತಿದೆ!

ಸಾಲ್ವರ್_ಓದುಗ

165ಕ್ಕೆ ಯಾಕೆ ಎರರ್ ಬಂತು ಅಂದರೆ, 90 ಮತ್ತು 70 ಕೂಡಿದರೆ 160. 165 ದೂರದ ಎರಡು ಗೂಟದ ನಡುವೆ 160 ಉದ್ದದ ಹಗ್ಗ ಮುಟ್ಟಲ್ಲ. ಅಂಥ ತ್ರಿಕೋನವೇ ಇಲ್ಲ. ಕನ್‌ಸ್ಟ್ರೈಂಟ್‌ಗಳ ಎಣಿಕೆ ಸರಿ ಇದೆ, ಕೊಟ್ಟ ಸಂಖ್ಯೆಗಳು ಕೂಡಿಬರಲ್ಲ. ಎಣಿಕೆ ನೋಡಿದರೆ ಈ ತಪ್ಪು ಸಿಗಲ್ಲ. ಕೊನೆಯಲ್ಲಿ ಬದಲಾಯಿಸಿದ ಸಂಖ್ಯೆ ನೋಡಬೇಕು.

ಎರಡನೆಯದು ಇನ್ನೂ ಮುಖ್ಯ. 90, 70, 100ರ ತ್ರಿಕೋನಕ್ಕೆ ಎರಡು ಉತ್ತರ. ತುದಿ ಮೇಲೆ ಇರಬಹುದು, ಕೆಳಗೆ ಇರಬಹುದು. ನೀವು ಹೇಳಿದ್ದು ದೂರ ಮಾತ್ರ, ಯಾವ ಕಡೆ ಅಂತ ಹೇಳಿಲ್ಲ. ಸಾಲ್ವರ್ ಏನು ಮಾಡುತ್ತದೆ? ಈಗ ಇರುವ ಜಾಗದಿಂದ ಹೊರಟು ಸಣ್ಣ ಸಣ್ಣ ಹೆಜ್ಜೆ ಹಾಕುತ್ತಾ, ಅಳತೆಗಳಿಗೆಲ್ಲ ಹೊಂದುವ ಜಾಗ ಹುಡುಕುತ್ತದೆ. 158ರಲ್ಲಿ ನಿಮ್ಮ ತ್ರಿಕೋನ ಹೆಚ್ಚುಕಡಿಮೆ ನೆಲಕ್ಕೆ ಮಲಗಿತ್ತು. ಅಲ್ಲಿಂದ ಒಂದೇ ಸಲ 100ಕ್ಕೆ ಹೊರಟಾಗ ಮೇಲಕ್ಕೂ ಕೆಳಕ್ಕೂ ದಾರಿ ಸಮೀಪವೇ. ಕೆಳಗಿನದು ಸಿಕ್ಕಿತು, ಅಲ್ಲಿ ನಿಂತಿತು.

ಇದಕ್ಕೆ ಪರಿಹಾರ ಯಾವ ಕಡೆ ಅನ್ನೋದನ್ನೂ ಹೇಳಿಬಿಡೋದು. ಫ್ರೀಕ್ಯಾಡ್‌ನಲ್ಲಿ ಅಡ್ಡ ದೂರ, ನೆಟ್ಟನೆ ದೂರ ಅಂತ ಬೇರೆ ಬೇರೆ ಅಳತೆ ಇವೆ. ಅವಕ್ಕೆ ದಿಕ್ಕು ಇದೆ, ಸುಮ್ನೆ ಪಕ್ಕ ಬದಲಾಯಿಸಲ್ಲ. 70ರ ಬದಲು ಮೂರನೇ ರಂಧ್ರಕ್ಕೆ ನೆಟ್ಟನೆ ದೂರ ಕೊಡಿ. ಡ್ರಾಯಿಂಗ್‌ನಲ್ಲಿ 70 ಬೇಕೇ ಬೇಕು ಅಂದರೆ, ದೊಡ್ಡ ಬದಲಾವಣೆ ಒಂದೇ ಸಲ ಮಾಡಬೇಡಿ. 100, 115, 130 ಅಂತ ಹೋಗಿ. ಸ್ಕೆಚ್ ಎಳೆಯುವಾಗಲೇ ಸುಮಾರು ಕೊನೆಯ ಆಕಾರಕ್ಕೆ ಹತ್ತಿರ ಎಳೆದರೂ ಅರ್ಧ ತೊಂದರೆ ತಪ್ಪುತ್ತದೆ.

ವೆಲ್ಡಿಂಗ್_ಶೆಡ್_ಹುಬ್ಬಳ್ಳಿ

ಇದನ್ನು ಯಾರೂ ಹಗುರ ತಗೋಬೇಡ್ರಿ. ನಮ್ಮಲ್ಲಿ ಒಂದು ಬ್ರಾಕೆಟ್ ಹೀಗೇ ತಿರುಗಿತ್ತು. ಅಳತೆ ಬದಲಾಯಿಸಿದ ಮೇಲೆ ಎಲ್ಲ ಸಂಖ್ಯೆ ನೋಡಿದೆವು, ಸರಿ ಇದ್ದವು. ಆಕಾರ ನೋಡಲಿಲ್ಲ. 12 ಪೀಸ್ ಲೇಸರ್ ಕಟಿಂಗ್ ಆಗಿ ಬಂದವು. ಬೋಲ್ಟ್ ಹಾಕೋಕೆ ಹೋದರೆ ರಂಧ್ರ ಇನ್ನೊಂದು ಕಡೆ. ಬೆಂಡ್ ಇಲ್ಲದಿದ್ದರೆ ಮಗುಚಿ ಹಾಕಬಹುದಿತ್ತು, ಆದರೆ ಬೆಂಡ್ ಮಾಡಿ ಆಗಿತ್ತು. 12ನ್ನೂ ಗುಜರಿಗೆ ಹಾಕಿದೆವು. ಅವತ್ತಿಂದ ಅಳತೆ ಬದಲಾಯಿಸಿದ ಮೇಲೆ 1:1 ಪ್ರಿಂಟ್ ತೆಗೆದು ಹಳೇ ಪೀಸ್ ಮೇಲೆ ಇಟ್ಟು ನೋಡುವುದು ನಮ್ಮ ಶೆಡ್‌ನಲ್ಲಿ ನಿಯಮ.

ಹೊಸ_ಡ್ರಾಫ್ಟ್ಸ್‌ಮನ್

ಅಣ್ಣ, ಓದಿ ಸಂಕಟ ಆಯಿತು. 1:1 ಪ್ರಿಂಟ್ ನಾನೂ ಶುರು ಮಾಡುತ್ತೇನೆ. ಆರ್ಮ್‌ಗೆ ನೆಟ್ಟನೆ ದೂರ ಕೊಟ್ಟೆ. 150ಕ್ಕೆ ಒಯ್ದು ಮೂರು ಸಲ ವಾಪಸ್ ತಂದೆ, ರಂಧ್ರ ಮೇಲೆಯೇ ಇದೆ.

ಇವತ್ತು ಪಾರ್ಟಿ ಮತ್ತೆ ಫೋನ್ ಮಾಡಿದ್ದರು. ಸ್ಲಾಟ್‌ಗಳು 15 ಡಿಗ್ರಿ ಓರೆ ಬೇಕಂತೆ. ಮೇಡಂ ಹೇಳಿದ ಹಾಗೆ ಒಂದೇ ಹಾರಿಜಾಂಟಲ್ ಇತ್ತಲ್ಲ, ಅದನ್ನು ತೆಗೆದು ಅಲ್ಲಿ 15 ಡಿಗ್ರಿ ಕೊಟ್ಟೆ. ಸ್ಲಾಟ್ ಪೂರ್ತಿ ತಿರುಗಿತು, ಒಂದು ಎರರ್ ಇಲ್ಲ. ಆದರೆ ಉದ್ದ ಅಳೆದರೆ 40 ಬದಲು 41.4 ತೋರಿಸುತ್ತದೆ. ಇದು ಎಲ್ಲಿಂದ ಬಂತು?

ಗೆರೆ_ಕೋನ

40 ಅನ್ನು ಗೆರೆ ಉದ್ದಕ್ಕೆ ಕೊಟ್ಟಿರಾ, ಇಲ್ಲಾ ಎರಡು ಸೆಂಟರ್ ನಡುವಿನ ಅಡ್ಡ ದೂರಕ್ಕೆ ಕೊಟ್ಟಿರಾ? ಅಡ್ಡ ದೂರ ಆಗಿದ್ದರೆ, ಓರೆ ಆದ ಮೇಲೂ ಅಡ್ಡಕ್ಕೆ 40 ಇರಲೇಬೇಕು ಅಂತ ಸ್ಲಾಟ್ ಉದ್ದ ಬೆಳೆದಿದೆ. 40 ಅನ್ನು ಕಾಸ್ 15ರಿಂದ ಭಾಗಿಸಿ ನೋಡಿ, 41.4 ಬರುತ್ತದೆ. ಆರ್ಮ್‌ನಲ್ಲಿ ದಿಕ್ಕಿರುವ ಅಳತೆ ಬೇಕಿತ್ತು, ಇಲ್ಲಿ ದಿಕ್ಕಿಲ್ಲದ್ದು ಬೇಕು.

ಹೊಸ_ಡ್ರಾಫ್ಟ್ಸ್‌ಮನ್

ಅಡ್ಡ ದೂರವೇ ಕೊಟ್ಟಿದ್ದೆ ಮೇಡಂ. ತೆಗೆದು ಗೆರೆ ಉದ್ದಕ್ಕೆ 40 ಕೊಟ್ಟೆ. ಈಗ 40 ಸರಿಯಾಗಿ ಇದೆ. ಮಿರರ್ ಆದ ಉಳಿದ ಮೂರು ಸ್ಲಾಟ್‌ಗಳೂ ತಾವಾಗೇ ತಿರುಗಿದವು. 1:1 ಪ್ರಿಂಟ್ ತೆಗೆದು ಮೋಟಾರ್ ಪಾದದ ಕೆಳಗೆ ಇಟ್ಟು ನೋಡಿದೆ, ನಾಲ್ಕೂ ಬೋಲ್ಟ್ ಇಳಿಯುತ್ತವೆ. ನಾಳೆ ಬೆಳಿಗ್ಗೆ ಕಟಿಂಗ್‌ಗೆ ಕಳಿಸುತ್ತೇನೆ.